ಬಾಗಿಲು ತೆರೆದಿಟ್ಟು ಹಾಡಿದ್ದು

ಮರುಮೇ ತಿಂಗಳ ನಾಲ್ಕನೆಯ ದಿನ, ಇಸವಿ ೨೨೧೯
ಶಹಾಬಾದ ಕಲ್ಲುಗಣಿ, ಮೂರನೆಯ ಓಣಿ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ಮರುಮೇ ಎಂಬ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಬೇಸಿಗೆ ಮೇ ತಿಂಗಳೊಳಗೆ ಮುಗಿಯದಾದಾಗ ನಮ್ಮ ಅಜ್ಜಂದಿರು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ಹಿಂದಕ್ಕೆ ಹೋಗುವ ಅಂಚೆ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನನ್ನ ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನನ್ನ ಹೆಸರು ಗುರುಬಾಯಿ. ಮೇಲಿನ ಬಿಸಿಲು ತಾಳಲಾರದೆ ನಾವೆಲ್ಲ ಹಳೆಯ ಗಣಿಗಳ ಒಳಗೆ ಕಲ್ಲು ಕೊರೆದು ಮನೆ ಮಾಡಿಕೊಂಡಿದ್ದೇವೆ. ಹೊದಿಕೆ ಒದ್ದೆ ಮಾಡಿ ಗೋಡೆಗೆ ತೂಗುಹಾಕುತ್ತೇವೆ, ದಿನಕ್ಕೆರಡು ಸಲ ಕಲ್ಲುಪುಡಿ ಒರೆಸುತ್ತೇವೆ. ಆ ಪುಡಿಯಿಂದಲೇ ಬರುವ ಕಾಯಿಲೆಗೆ ಸೊರಗುಗಂಟಲು ಎನ್ನುತ್ತೇವೆ. ಬಂದವರಿಗೆ ಮಾತು ಹೊರಡುವುದಿಲ್ಲ, ಉಗುಳು ನುಂಗಲೂ ಆಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಯಾರಾದರೂ ನಳಿಕೆ ಇಳಿಸಿ ಗಂಟಲಲ್ಲಿ ಕಟ್ಟಿದ್ದನ್ನು ಹೀರಿ ತೆಗೆಯಬೇಕು. ನನ್ನ ಅಕ್ಕ ಕಾಶಿಬಾಯಿಗೆ ಅದು ಬಂತು. ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಆರೈಕೆ ಮಾಡುವವರಿಗೆಂದು ಊರಿನ ಮಂಡಳಿ ನೆಮ್ಮದಿಪಟ್ಟಿ ಕೊಟ್ಟಿತ್ತು. ಹಣೆಗೆ ಕಟ್ಟಿಕೊಂಡರೆ ಅದೇ ನಮ್ಮ ದಣಿವನ್ನು ಅಳೆದು, ಹೊರಗಿನ ಸದ್ದನ್ನೆಲ್ಲ ಮುಚ್ಚಿ, ಉಸಿರಿನ ಲಯಕ್ಕೆ ತಂಬೂರಿ ನುಡಿಸುತ್ತದೆ. ಇಪ್ಪತ್ತು ನಿಮಿಷ, ದಿನಕ್ಕೆ ಮೂರು ಸಲ. ಸುಳ್ಳು ಹೇಳಲಾರೆ, ನನಗದು ಬಹಳ ಹಿಡಿಸಿತ್ತು. ಭುಜ ಸಡಿಲವಾಗುತ್ತಿತ್ತು, ಹಲ್ಲು ಕಚ್ಚುವುದು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಆ ಇಪ್ಪತ್ತು ನಿಮಿಷದೊಳಗೇ ಅಕ್ಕನ ಗಂಟಲು ಕಟ್ಟಿತು. ಅವಳು ಮಂಚ ಬಡಿದಿದ್ದಾಳೆ. ನನಗೆ ಕೇಳಿಸಿದ್ದು ತಂಬೂರಿ ಮಾತ್ರ. ಪಟ್ಟಿ ಬಿಚ್ಚಿ ನೋಡಿದಾಗ ಅವಳ ತುಟಿ ನೀಲಿಗಟ್ಟಿತ್ತು, ಬೆರಳ ಗೆಣ್ಣುಗಳಿಂದ ರಕ್ತ ಬರುತ್ತಿತ್ತು. ಹೇಗೋ ಬದುಕಿಕೊಂಡಳು.

ಅಂದೇ ಪಟ್ಟಿಯನ್ನು ಕಲ್ಲಿಗೆ ಬಡಿದು ಒಡೆದೆ. ಆಮೇಲೆ ಹತ್ತೊಂಬತ್ತು ದಿನ ನಾನು ಮೈ ಚಾಚಲೇ ಇಲ್ಲ. ನಿದ್ದೆ ಎಂದರೆ ಗೋಡೆಗೆ ತಲೆ ತಾಗಿಸಿ ಬೆಚ್ಚುವುದಷ್ಟೇ. ಓಣಿಯಲ್ಲಿ ಯಾರಾದರೂ ಹಾಡು ಗುನುಗಿದರೂ ಮೈ ಬೆವರುತ್ತಿತ್ತು.

ಇಪ್ಪತ್ತನೆಯ ದಿನದ್ದನ್ನು ಬರೆಯುವುದು ಕಷ್ಟ. ಅಕ್ಕನ ಗಂಟಲು ಗೊರಗುಟ್ಟಿತು. ನಾನು ನಳಿಕೆ ಹಿಡಿದು ಅವಳ ಪಕ್ಕ ನಿಂತೆ, ಇಳಿಸಲಿಲ್ಲ. ಸುಮ್ಮನೆ ನೋಡುತ್ತ ನಿಂತೆ. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಇದು ಮುಗಿದರೆ ಮಲಗಬಹುದು ಎಂಬ ಒಂದೇ ಯೋಚನೆ. ಅಕ್ಕ ನನ್ನ ಕಣ್ಣನ್ನೇ ನೋಡಿದಳು. ಅವಳಿಗೆ ಗೊತ್ತಾಯಿತು. ಆಗ ನನ್ನ ಕೈ ಚಲಿಸಿತು.

ಗಂಟಲು ಬರಿದಾದ ಕೂಡಲೇ ಪಕ್ಕದ ಮನೆಗೆ ಓಡಿದೆ. ಅಲ್ಲಿ ಖಾಸಿಮಸಾಬರಿದ್ದರು. ನೀರಿನ ಕೊಳವೆ ನೋಡಿಕೊಳ್ಳುತ್ತಿದ್ದ ಮುದುಕ, ಇದೇ ಕಾಯಿಲೆಯ ಹೆಂಡತಿಯನ್ನು ಆರು ವರ್ಷ ನೋಡಿಕೊಂಡವರು.

“ಕಾಕಾ, ನನ್ನ ಕೈ ನನಗೇ ಅಂಜಿಕಿ ಆಗ್ಲತದ,” ಎಂದೆ.

ಅವರು ಏನಾಯಿತೆಂದು ಕೇಳಲಿಲ್ಲ. “ನನಗೂ ಒಮ್ಮೆ ಹಂಗೇ ಆಗಿತ್ತು. ಯಾರಿಗೂ ಹೇಳಿಲ್ಲ,” ಎಂದು ಚಪ್ಪಲಿ ಮೆಟ್ಟಿಕೊಂಡು ಬಂದರು. ಅಕ್ಕನ ಬಳಿ ಕೂತು ನಳಿಕೆ ತೊಳೆದುಕೊಂಡರು. “ನೀ ಒಳಗ ಹೋಗಿ ಅಡ್ಡಾಗು. ನಾ ಇಲ್ಲೇ ಕುಂದರ್ತಿನಿ.”

ಮಲಗಲು ಆಗಲಿಲ್ಲ. ನಾಲ್ಕು ಸಲ ಎದ್ದು ಬಂದು ಅಕ್ಕನ ತುಟಿ ನೋಡಿದೆ.

“ಬಾಗ್ಲ ತೆರದಿಡವ್ವ. ನಮ್ಮ ಸಪ್ಪಳ ನಿನಗ ಕೇಳ್ಲಿ. ನಿನಗ ಬರೋದು ಏನರೆ ಹಾಡು, ಆಕಿಗೂ ಕೇಳ್ತದ,” ಎಂದರು.

ಭಜನೆಯ ಒಂದು ಸಾಲು ಹಾಡಿದೆ. ಶ್ರುತಿ ತಪ್ಪಿತು. ಸಾಲಿನ ನಡುವೆ ನಿಲ್ಲಿಸಿ ಕಿವಿಗೊಟ್ಟೆ. ನಳಿಕೆಯ ಸದ್ದು, ಕಾಕಾನ ಕೆಮ್ಮು, ಅಕ್ಕನ ಉಸಿರು. ಮತ್ತೆ ಹಾಡಿದೆ. ಯಾವಾಗ ನಿದ್ದೆ ಬಂತೋ ತಿಳಿಯದು. ಎದ್ದಾಗ ಮೂರು ಗಂಟೆ ಕಳೆದಿತ್ತು, ಅಕ್ಕ ಬದುಕಿದ್ದಳು. ಅಂದಿನಿಂದ ದಿನವೂ ಅವರು ಬಂದು ಕೂತರು. ಅಕ್ಕ ಇನ್ನೂ ಹದಿನಾಲ್ಕು ತಿಂಗಳು ಇದ್ದಳು. ಆ ದಿನದ ಬಗ್ಗೆ ನನ್ನನ್ನು ಅವಳು ಯಾವ ಸನ್ನೆಯಿಂದಲೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತೇನೋ.

ನಿಮ್ಮಲ್ಲೂ ಹೀಗೆ ಒಬ್ಬರೇ ಕೂತವರಿರುತ್ತಾರೆ. ಅವರಿಗೆ ಹಾಡು ಕೇಳು, ವಿಶ್ರಾಂತಿ ತಗೋ ಎಂದು ಹೇಳಿ ಹೊರಟುಬಿಡಬೇಡಿ. ಅವರು ಹಾಡು ಕೇಳುವಷ್ಟು ಹೊತ್ತು ಅವರ ಜಾಗದಲ್ಲಿ ನೀವು ಕೂತುಕೊಳ್ಳಿ.

ಖಾಸಿಮಸಾಬರು ಹೋದ ತಿಂಗಳು ತೀರಿಕೊಂಡರು. ಈ ವಾರ ಅನ್ನದ ಅಗುಳು ನನ್ನ ಗಂಟಲಲ್ಲೂ ನಿಲ್ಲತೊಡಗಿದೆ. ನೋಡಿಕೊಳ್ಳಬೇಕಾದವಳು, ಅಕ್ಕ ತೀರಿದ ಮೇಲೆ ಬೇರೆ ಗಣಿಯಿಂದ ಮನೆಗೆ ಮರಳಿದ ನನ್ನ ಮಗಳು ನೀಲಗಂಗಾ, ಅವಳೂ ಒಬ್ಬಳೇ. ಈ ಓಣಿಯಲ್ಲಿ ಹನ್ನೊಂದು ಮನೆಗಳಿವೆ. ಅವಳ ಪರವಾಗಿ ಯಾರನ್ನೂ ಇನ್ನೂ ಕೇಳಿಲ್ಲ. ಆಗುವುದಿಲ್ಲ ಎಂದುಬಿಟ್ಟರೆ ಎಂಬ ಹೆದರಿಕೆ. ಈ ಪತ್ರ ಇಲ್ಲಿಗೆ ನಿಲ್ಲಿಸಿ ಎದುರು ಮನೆಗೆ ಹೋಗುತ್ತಿದ್ದೇನೆ, ಮಾತು ಇನ್ನೂ ಸ್ಪಷ್ಟವಾಗಿ ಹೊರಡುವಾಗಲೇ.

ಗುರುಬಾಯಿ