ದಂಡೆಯ ಮೇಲೆ ಒಬ್ಬ

ಶಹಾಬಾದ
೧೭ ನವೆಂಬರ್ ೨೦೨೪

ಪ್ರೀತಿಯ ಭಾಗಣ್ಣನಿಗೆ, ತಮ್ಮ ಸಾಬಣ್ಣನ ನಮಸ್ಕಾರ.

ಆರಾಮಿದ್ದೀಯಾ? ಕಿವಿನೋವು ಕಡಿಮೆಯಾಯಿತೇ? ಹಡಗಿನ ಮೇಲೆ ವಿಮಾನ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದನ್ನು ಮರೆಯಬಾರದು ಅಂತ ಅವ್ವ ಬರೆಸಿದ್ದಾಳೆ. ನಿನ್ನ ಹೆಂಡತಿ, ನಮ್ಮ ವೈನಿಯೂ ಆರಾಮಿದ್ದಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅಷ್ಟೆ.

ತಪ್ಪು ನನ್ನದು. ಹೋದ ವಾರ ಅವ್ವ ಕೇಳಿದಳು, "ಅಷ್ಟ್ ದೊಡ್ಡ ಹಡಗಕ್ಕ ಯಾರೇನ್ ಮಾಡ್ತಾರೋ?" ನೀನು ಹೇಳಿಕೊಟ್ಟಂತೆ ಏನೂ ಆಗಂಗಿಲ್ಲ ಅನ್ನಬೇಕಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ವಿಮಾನವಾಹಕ ಹಡಗು ಮೇಲಿಂದ ಬರುವುದನ್ನು ದೂರದಿಂದಲೇ ಕಾಣುತ್ತದೆ, ಅದಕ್ಕೆ ಭಯ ನೀರೊಳಗಿನ ಜಲಾಂತರ್ಗಾಮಿಯದು ಎಂದೆ. ಸುತ್ತ ಕಾವಲು ಹಡಗುಗಳಿರುತ್ತವೆ, ಹೆಲಿಕಾಪ್ಟರಿನಿಂದ ಯಂತ್ರ ಇಳಿಬಿಟ್ಟು ನೀರಿನ ಸಪ್ಪಳ ಕೇಳುತ್ತಾರೆ ಎಂದೂ ಹೇಳಿದೆ. ಆದರೆ ನಮ್ಮ ಕಾಗಿಣಾ ಹೊಳೆಯ ಮಡುವಿನಲ್ಲಿ ಎದೆಮಟ್ಟ ಬೆಚ್ಚಗೆ, ಕಾಲಡಿ ತಣ್ಣಗೆ ಇರುತ್ತದಲ್ಲ, ಸಮುದ್ರವೂ ಹಾಗೆಯೇ. ಆ ತಣ್ಣೀರಿನ ಪದರದ ಕೆಳಗೆ ಜಲಾಂತರ್ಗಾಮಿ ಅಡಗಿ ಕೂತರೆ ಸಪ್ಪಳ ಸರಿಯಾಗಿ ಮೇಲೆ ಬರುವುದಿಲ್ಲ. ಅವ್ವ ಮಡುವಿಗೆ ಇಳಿದು ಬೆಳೆದವಳು, ಬಿಡಿಸಿ ಹೇಳಬೇಕಾಗಲಿಲ್ಲ. ವೈನಿ ಮಾತ್ರ, "ಒಂಬತ್ತನೇತ್ತಿಗಿ ಸಾಲಿ ಬಿಟ್ಟಾವ, ಇದೊಂದ್ ಭಾಳ ಚೆಂದ ಕಲ್ತಾನ್ ನೋಡ್ರಿ ಅತ್ತಿ" ಎಂದು ಎದ್ದುಹೋದಳು.

ಅಂದಿನಿಂದ ಮನೆಯ ಹಳೇ ಕಟ್ಟು ಬಿಗಿಯಾಗಿದೆ. ಒಬ್ಬ ಮಗ ನೀರಿನಲ್ಲಿದ್ದರೆ ಇನ್ನೊಬ್ಬ ದಂಡೆ ಬಿಡಬಾರದು. ಅದು ಹೊಳೆಗಷ್ಟೇ ಅಂದುಕೊಂಡಿದ್ದೆವು. ಅವ್ವ ಸಮುದ್ರವನ್ನೂ ಸೇರಿಸಿದ್ದಾಳೆ. ದಿನಾ ಬೆಳಿಗ್ಗೆ, "ಹಡಗ ದಂಡಿಗಿ ಬಂದದೇನೋ?" ಅನ್ನುತ್ತಾಳೆ. "ಇಲ್ಲವ್ವಾ, ನೀರಾಗೇ ಅದ" ಅನ್ನುತ್ತೇನೆ. ಹೀಗಾಗಿ ಹರಗೋಲು ಅಪ್ಪನ ಪಾಲಿಗೆ ಬಂದಿದೆ. ಬಲೆ ಕಲ್ಲಿಗೆ ಸಿಕ್ಕರೆ ಮುಳುಗಿ ಬಿಡಿಸುವವನೂ ಅವನೇ. ಫರಸಿ ಕಲ್ಲಿನ ಗಣಿಯ ಧೂಳು ಕುಡಿದ ಎದೆ ಅವನದು, ನಿನಗೆ ಗೊತ್ತು. ಮೊನ್ನೆ ಮುಳುಗಿದವನು ಬೇಗ ಮೇಲೆ ಬರಲಿಲ್ಲ. ನಾನು ದಂಡೆಯಲ್ಲಿ ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದೆ, ಹಗ್ಗ ಅಲುಗಲೇ ಇಲ್ಲ. ಕಡೆಗೆ ಬಂದು, ಕೆಮ್ಮಿ, "ನಾನೂ ಸಬ್‌ಮರೀನ್ ಆದ್ನಲ್ಲೋ" ಅಂತ ನಕ್ಕ. ಅವನ ತುಟಿ ನೀಲಿಯಾಗಿತ್ತು.

ಅಪ್ಪ ಅವ್ವ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾರೆ ಅಂತ ತಿಳಿ. ಜೊತೆಯವರಿಗೆಲ್ಲ ನನ್ನ ಶರಣು ಹೇಳು.

ನಿನ್ನ
ಸಾಬಣ್ಣ

ತಾ.ಕ.: ಇವತ್ತು ಅವ್ವ ಕೇಳಿದಾಗ, "ಬಂದದವ್ವಾ, ಕಾರವಾರದಾಗ ನಿಂತದ" ಎಂದುಬಿಟ್ಟೆ. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಳು. ಅಪ್ಪನನ್ನು ಕೂರಿಸಿ ನಾನು ಮಡುವಿಗಿಳಿದೆ. ನೀನು ನಿಜವಾಗಿ ದಂಡೆ ಮುಟ್ಟಿದ ದಿನ ಮೊದಲ ಫೋನು ನನಗೇ ಹಚ್ಚು. ಈ ಸುಳ್ಳನ್ನು ಅವ್ವನಿಗೆ ನಾನೇ ಎದುರು ಕೂತು ಹೇಳಬೇಕು.