‘ಇಲ್ಲ’ ಎಂದ ಲಲಿತಾಳ ‘ಸಿ’ ಶ್ರೇಣಿಯ ಬಗ್ಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಏಳನೆಯ ತರಗತಿಯ ಲಲಿತಾಳಿಗೆ ಜೀವನ ಕೌಶಲದಲ್ಲಿ ‘ಎ’ ಶ್ರೇಣಿ ಕೊಟ್ಟದ್ದೇಕೆ, ಅದನ್ನು ‘ಸಿ’ ಎಂದು ತಿದ್ದಲು ಬಾಯಿಮಾತಿನಲ್ಲಿ ಸೂಚಿಸಿದ ಮೇಲೂ ತಿದ್ದಲಿಲ್ಲವೇಕೆ ಎಂದು ಕೇಳಿ ತಾವು ಕಳಿಸಿದ ನೋಟಿಸು ತಲುಪಿದೆ. ಸಮಜಾಯಿಷಿ ಒಂದು ಪುಟ ಮೀರಬಾರದೆಂದು ಅದರಲ್ಲಿದೆ. ವಿಷಯ ಒಂದು ಪುಟದಲ್ಲಿ ಹಿಡಿಯದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸರ್ಕಾರಿ ನೌಕರರು ಹೀಗೆ ಬರೆಯಬಾರದೆಂಬ ನಿಯಮ ನನಗೆ ಗೊತ್ತು. ಅದಕ್ಕಾಗಿ ಬರುವ ಎರಡನೆಯ ನೋಟಿಸಿಗೂ ಇದನ್ನೇ ಉತ್ತರವೆಂದು ಭಾವಿಸಿದರೆ ಇಬ್ಬರಿಗೂ ಕಾಗದ ಉಳಿಯುತ್ತದೆ.

ನಾನು ಕಮತಗಿಯವಳು. ಅಲ್ಲಿಂದ ದಿನಾಲೂ ಬಸ್ಸಿನಲ್ಲಿ ಹೋಗಿ ಒಂದು ಹಳ್ಳಿಯ ಸಾಲೆಯಲ್ಲಿ ಕಲಿಸುತ್ತೇನೆ. ಕಳೆದ ವರ್ಷ ತಮ್ಮ ಆದೇಶದಂತೆಯೇ ಬಾಗಲಕೋಟೆಯಲ್ಲಿ ನಡೆದ ಜೀವನ ಕೌಶಲ ತರಬೇತಿಗೆ ಹೋಗಿದ್ದೆ. ಚೆಂಡು ಎಸೆದಾಡಿದೆವು, ಕಣ್ಣು ಕಟ್ಟಿಕೊಂಡು ಒಬ್ಬರ ಹೆಗಲು ಒಬ್ಬರು ಹಿಡಿದು ನಡೆದೆವು, ಬಣ್ಣದ ಹಾಳೆಗಳ ಮೇಲೆ ನಮ್ಮ ಭಯಗಳನ್ನು ಬರೆದು ಗೋಡೆಗೆ ಅಂಟಿಸಿದೆವು. ನನ್ನ ಭಯದ ಹಾಳೆ ಊಟದ ಹೊತ್ತಿಗೆ ಉದುರಿ ಬಿತ್ತು. ಅದನ್ನು ಶುಭಸೂಚನೆ ಎಂದುಕೊಂಡೆ. ಸಮಾರೋಪದಲ್ಲಿ ತಾವೇ ಬಂದು, ಮಕ್ಕಳು ಪ್ರಶ್ನೆ ಕೇಳಬೇಕು, ಸ್ವಂತ ನಿರ್ಧಾರ ತೆಗೆದುಕೊಳ್ಳಬೇಕು, ಬೇಡದ್ದನ್ನು ಬೇಡವೆನ್ನಲು ಕಲಿಯಬೇಕು ಎಂದಿರಿ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ನಾನು ಹೋಗಿ ಕಲಿಸಿದೆ. ನನ್ನ ಅಪರಾಧ ಶುರುವಾದದ್ದು ಅಲ್ಲಿಂದ.

‘ನಿರಾಕರಿಸುವ ಕೌಶಲ’ದ ಪಾಠಕ್ಕೆ ನಮ್ಮ ಹುಡುಗಿಯರು ಬಹಳ ತ್ರಾಸು ಪಟ್ಟರು. ಒಬ್ಬೊಬ್ಬರೂ ಎದ್ದು ನಿಂತು ‘ಇಲ್ಲ’ ಎಂದು ಸ್ಪಷ್ಟವಾಗಿ ಹೇಳಬೇಕಿತ್ತು. ಒಬ್ಬಳು ನಕ್ಕಳು, ಇನ್ನೊಬ್ಬಳು ಪಕ್ಕದವಳನ್ನು ಚಿವುಟಿದಳು, ಮತ್ತೊಬ್ಬಳು ಅತ್ತೇಬಿಟ್ಟಳು. ಲಲಿತಾ ಮಾತ್ರ ಕೈ ಎತ್ತಿ ಕೇಳಿದಳು.

“ಅಕ್ಕೋರ, ಇದನ್ನ ಸಾಲ್ಯಾಗ ಅಷ್ಟ ಅನ್ನೂದೋ, ಹೊರಗೂ ಅನಬಹುದೋ?”

“ಎಲ್ಲಾ ಕಡೆನೂ ಅನಬಹುದವ್ವಾ. ಬೈಬಾರದು, ಸಿಟ್ಟಾಗಬಾರದು, ಯಾಕ ಅಂತ ಕಾರಣ ಹೇಳಬೇಕು.”

“ದೊಡ್ಡವರಿಗೂ ಅನಬಹುದೇನ್ರಿ?”

“ಅನಬಹುದು” ಎಂದೆ. ತರಬೇತಿಯಲ್ಲಿ ಕೊಟ್ಟ ಕೈಪಿಡಿಯಲ್ಲಿ ಹಾಗೇ ಇತ್ತು. ದೊಡ್ಡವರ ಪೈಕಿ ಯಾರನ್ನು ಬಿಡಬೇಕೆಂಬ ಅನುಬಂಧ ಅದರಲ್ಲಿರಲಿಲ್ಲ.

ಲಲಿತಾ ಕುರಿ ಸಾಕುವವರ ಮನೆಯ ಹುಡುಗಿ. ತಂದೆ ಮಾಳಿಂಗರಾಯ ವರ್ಷದ ಅರ್ಧ ಭಾಗ ಹಿಂಡಿನ ಜೊತೆ ಊರೂರು ತಿರುಗುವವನು. ತಾಯಿ ರಾಮವ್ವ ಮನೆ, ಹೊಲ ಎರಡನ್ನೂ ನೋಡುವವಳು. ಅವರ ವಂಶದಲ್ಲಿ ಏಳನೆಯ ಇಯತ್ತೆ ಮುಟ್ಟಿದ ಮೊದಲ ಹೆಣ್ಣುಮಗಳು ಇವಳೇ.

ಮಾರ್ಚಿನಲ್ಲಿ ತಾವು ತಂಡದೊಂದಿಗೆ ಚಿಂತನಾ ಕೌಶಲದ ಪರೀಕ್ಷೆ ನಡೆಸಲು ನಮ್ಮ ಸಾಲೆಗೆ ಬಂದಿರಿ. ಮಕ್ಕಳು ಸ್ವತಂತ್ರವಾಗಿ ಯೋಚಿಸಿ ಬರೆಯಬೇಕೆಂದು ಪ್ರಶ್ನೆಪತ್ರಿಕೆಯ ಮೇಲಿತ್ತು. ಸ್ವತಂತ್ರವಾಗಿ ಯೋಚಿಸಿದರೆ ಬರಬೇಕಾದ ಉತ್ತರಗಳ ಪಟ್ಟಿ ತಮ್ಮ ಚೀಲದಲ್ಲಿತ್ತು. ಮಳೆ ಇಲ್ಲದಾಗ ಕೊಡೆಯನ್ನು ಯಾವುದಕ್ಕೆ ಬಳಸಬಹುದು ಎಂಬ ಪ್ರಶ್ನೆಗೆ ಪಟ್ಟಿಯ ಉತ್ತರ ‘ಊರುಗೋಲು’. ‘ಅಡವಿಯಲ್ಲಿ ಕುರಿ ಈದರೆ ಮರಿಗೆ ಗಾಳಿ ಬಡಿಯದಂತೆ ಮರೆ ಹಿಡಿಯಬಹುದು’ ಎಂದು ಲಲಿತಾ ಬರೆದಳು. ತಪ್ಪು. ಅದನ್ನು ನಾನು ಪ್ರಶ್ನಿಸಿಲ್ಲ. ಪಟ್ಟಿ ಮಾಡಿದವರ ಮನೆಯಲ್ಲಿ ಕುರಿ ಇರಲಿಕ್ಕಿಲ್ಲ.

ಆಮೇಲೆ ನಡೆದದ್ದನ್ನು ತಮ್ಮ ನೋಟಿಸು ‘ಅಹಿತಕರ ಘಟನೆ’ ಎಂದಿದೆ. ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ಮಕ್ಕಳಿನ್ನೂ ಬರೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ತಮ್ಮ ಮೊದಲ ಸುತ್ತಿನ ಚಹಾ ಮುಗಿದು ಎರಡನೆಯದಕ್ಕೆ ಕಪ್ಪುಗಳು ಬೇಕಾಗಿದ್ದವು. ತಾವು ನಮ್ಮ ತರಗತಿಯ ಬಾಗಿಲಿಗೆ ಬಂದು, ತುದಿಗೆ ಕುಳಿತ ಲಲಿತಾಳನ್ನು ಕರೆದಿರಿ.

“ಏ ಹುಡುಗಿ, ಏಳು. ಆ ಕಪ್ ತೊಳಕೊಂಡು ಬಾ.”

ನಮ್ಮಲ್ಲಿ ಇಂಥ ಕೆಲಸಕ್ಕೆ ಹುಡುಗಿಯರನ್ನೇ ಕರೆಯುವುದು ರೂಢಿ. ಲಲಿತಾ ಎದ್ದು ನಿಂತಳು.

“ಇಲ್ರೀ ಸರ. ನಾ ಪರೀಕ್ಷಾ ಬರ್ಯಾಕತ್ತೀನ್ರಿ. ಮುಗದ ಮ್ಯಾಲೆ ಹುಡುಗ್ರು ಹುಡುಗ್ಯಾರು ಎಲ್ಲಾರೂ ಕೂಡಿ ತೊಳಿತೇವ್ರಿ.”

ಅಷ್ಟು ಹೇಳಿ ಕುಳಿತು ಬರೆಯತೊಡಗಿದಳು. ದನಿ ಏರಿರಲಿಲ್ಲ. ನಿರಾಕರಣೆ, ಕಾರಣ, ಪರ್ಯಾಯ ಸಲಹೆ, ಭಾವನೆಗಳ ಹಿಡಿತ: ನಾಲ್ಕು ಕೌಶಲಗಳು ಒಂದೇ ಉಸಿರಿನಲ್ಲಿ, ಅದೂ ತನಿಖಾ ತಂಡದ ಸಮಕ್ಷಮ. ಇಂಥದ್ದಕ್ಕೆ ‘ಎ’ ಬಿಟ್ಟರೆ ಬೇರೆ ಶ್ರೇಣಿ ಮಾರ್ಗಸೂಚಿಯಲ್ಲಿ ನನಗೆ ಸಿಗಲಿಲ್ಲ. ತಾವು “ಯಾರು ಕಲಿಸಿದ್ರು ಇದನ್ನ?” ಎಂದು ಗುಡುಗಿದಾಗ ಇಡೀ ತರಗತಿ ಹೆಮ್ಮೆಯಿಂದ ನನ್ನತ್ತ ಬೆರಳು ತೋರಿಸಿತು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಸಿಕ್ಕ ಏಕೈಕ ಪ್ರಶಸ್ತಿ ಅದು. ಕಪ್ಪುಗಳನ್ನು ಕೊನೆಗೆ ನಮ್ಮ ಮುಖ್ಯ ಗುರುಗಳಾದ ಅಂದಾನಪ್ಪನವರು ತೊಳೆದರು. ಚೆನ್ನಾಗಿಯೇ ತೊಳೆದರು.

ಸಂಜೆಯೊಳಗೆ ಶ್ರೇಣಿ ತಿದ್ದುವ ಸೂಚನೆ ಬಂತು. ನಾನು ತಿದ್ದಲಿಲ್ಲ. ಬೇರೆ ಕೈ ತಿದ್ದಿತು. ಪರೀಕ್ಷೆ ಮುಗಿದು ಎಲ್ಲರಿಗೂ ವರ್ಗಾವಣೆ ಪ್ರಮಾಣಪತ್ರ ಸಿಕ್ಕಿತು. ಲಲಿತಾಳದ್ದನ್ನು ಮಾತ್ರ ಕ್ಷಮೆ ಕೇಳುವ ತನಕ ತಡೆಹಿಡಿಯಲಾಯಿತು.

ಸುದ್ದಿ ತಿಳಿದು ರಾಮವ್ವ ಕಳೆ ತೆಗೆಯುತ್ತಿದ್ದ ಕೈಯಲ್ಲೇ ಸಾಲೆಗೆ ಬಂದಳು.

“ಅಕ್ಕೋರ, ನನ್ನ ಮಗಳು ಸಾಹೇಬ್ರಿಗೆ ಬೈದಳೇನ್ರಿ?”

“ಇಲ್ಲ ರಾಮವ್ವ.”

“ಮತ್ತ ಅವರ ಮ್ಯಾಲೆ ಏನರ ಒಗದಳೇನು?”

“ಏನೂ ಒಗದಿಲ್ಲ. ಕಪ್ ತೊಳ್ಯಂಗಿಲ್ಲ ಅಂದ್ಲು.”

ರಾಮವ್ವ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. “ಮನ್ಯಾಗ ನನಗೂ ಹಂಗ ಅಂತಾಳ್ರಿ. ನಾ ಏನ್ ಆಕಿನ್ನ ಮನಿ ಬಿಟ್ಟು ಹಾಕೇನೇನು?” ಎಂದಳು.

ಮಾಳಿಂಗರಾಯ ಹಿಂಡನ್ನು ತಮ್ಮನಿಗೆ ಒಪ್ಪಿಸಿ ಬಂದ. ದೊಡ್ಡವರ ಜೊತೆ ಜಗಳ ಯಾಕೆ ಎನ್ನುವ ಮನುಷ್ಯ. ಹಣೆಗೆ ಬೀರಪ್ಪ ದೇವರ ಅರಿಶಿನದ ಭಂಡಾರ ಹಚ್ಚಿಕೊಂಡು, ಮಗಳ ಕೈ ಹಿಡಿದು, ತಾವು ಮತ್ತೊಮ್ಮೆ ನಮ್ಮ ಸಾಲೆಗೆ ಬಂದ ದಿನ ತಮ್ಮೆದುರು ನಿಂತ. ತಮಗೆ ನೆನಪಿರಬಹುದು.

“ಸಾಹೇಬ್ರ ಕಾಲಿಗೆ ಬೀಳವ್ವಾ. ಮುಗದು ಹೋಗಲಿ.”

“ಬೀಳ್ತೇನಿ ಯಪ್ಪಾ. ಏನ್ ತಪ್ಪಾತು ಅಂತ ಹೇಳ್ಲಿ?”

ಅಂದಾನಪ್ಪನವರು ಪಾಪ, ಸಹಾಯಕ್ಕೆ ಬಂದರು. “ಇಲ್ಲ ಅಂದಿದ್ದು ತಪ್ಪಾತು ಅನ್ನವ್ವಾ.”

ಲಲಿತಾ ಅದನ್ನು ನಿಜವಾಗಿಯೂ ಯೋಚಿಸಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. “ಹಂಗಂದ್ರ ಸುಳ್ಳ ಹೇಳಿದಂಗ ಆಕ್ಕೈತಲ್ರಿ ಸರ” ಎಂದಳು.

ಮಾಳಿಂಗರಾಯ ಮಗಳ ಮುಖ ನೋಡಿದ, ತಮ್ಮ ಮುಖ ನೋಡಿದ. ಅವನು ಸಿಟ್ಟಾಗುತ್ತಾನೆಂದು ನಾನು ಹೆದರಿದ್ದೆ. ಹೆಗಲ ಮೇಲಿನ ಕಂಬಳಿ ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡು, “ನಡಿಯವ್ವಾ, ಮನಿಗೆ ಹೋಗೂಣು” ಎಂದ. ತಮಗೆ ನಮಸ್ಕಾರ ಮಾಡಿಯೇ ಹೋದ.

ಮಾನ್ಯರೇ, ತಮಗೆ ಬೇಕಾಗಿದ್ದುದು ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬರೆದು, ಬಾಗಿಲಲ್ಲಿ ‘ಹೂಂ’ ಎಂದು ಏಳುವ ಮಕ್ಕಳೇ? ಹಾಗಿದ್ದರೆ ತರಬೇತಿಯ ಖರ್ಚು ಬೇಕಿರಲಿಲ್ಲ. ಅಂಥ ಮಕ್ಕಳನ್ನು ನಾವು ಮೊದಲಿನಿಂದಲೂ ಪುಕ್ಕಟೆಯಾಗಿ ತಯಾರಿಸುತ್ತ ಬಂದಿದ್ದೇವೆ. ನಾನೂ ಅಂಥವಳೇ. ವಿಮರ್ಶಾತ್ಮಕ ಚಿಂತನೆಗೆ ಅಂಕ ಇಟ್ಟವರು, ಆ ಚಿಂತನೆ ಎಂದಾದರೊಂದು ದಿನ ಅಂಕ ಹಾಕುವವರ ಕಡೆಗೂ ತಿರುಗುತ್ತದೆಂದು ಊಹಿಸಿರಲಿಲ್ಲವೇ?

ಈಗ ಜುಲೈ. ಲಲಿತಾ ಊರಿನಿಂದ ನಡೆದು ಕಮತಗಿಯ ಹೈಸ್ಕೂಲಿಗೆ ಬರುತ್ತಾಳೆ. ಅಲ್ಲಿಯ ಮುಖ್ಯ ಗುರುಗಳು ದೊಡ್ಡ ಮನಸ್ಸು ಮಾಡಿ, ಪ್ರಮಾಣಪತ್ರ ಬರುವ ತನಕ ಕೂತು ಕೇಳಿಸಿಕೊಳ್ಳಲಿ ಎಂದಿದ್ದಾರೆ. ತಿಂಗಳ ಕೊನೆಗೆ ದಾಖಲಾತಿ ಮುಗಿಯುತ್ತದೆ. ಆಮೇಲೆ ಅವರ ಕೈಯಲ್ಲೂ ಏನೂ ಇಲ್ಲ. ಮೊನ್ನೆ ಆ ಸಾಲೆಯ ಮುಂದೆ ಹಾಯುವಾಗ ಕಿಟಕಿಯಿಂದ ನೋಡಿದೆ. ಹಾಜರಿ ನಡೆದಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಓಗೊಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಲಲಿತಾ, ಪ್ರತಿ ಹೆಸರಿಗೂ ತಲೆ ಎತ್ತಿ, ಅದು ತನ್ನದಲ್ಲವೆಂದು ತಿಳಿದ ಮೇಲೆ ತಲೆ ತಗ್ಗಿಸುತ್ತಿದ್ದಳು.

ನನ್ನ ಬಡ್ತಿ ತಡೆಯಿರಿ. ಬಾದಾಮಿಯ ಆಚೆ ಎಲ್ಲಿಗಾದರೂ ವರ್ಗ ಮಾಡಿರಿ, ಹೋಗುತ್ತೇನೆ. ನನ್ನ ಬೇಡಿಕೆ ಒಂದೇ. ಲಲಿತಾಳ ಪ್ರಮಾಣಪತ್ರವನ್ನು, ನಡತೆಯ ಮುಂದೆ ‘ಉತ್ತಮ’ ಎಂದು ಬರೆದು, ಈ ತಿಂಗಳೊಳಗೆ ಕಳಿಸಿಕೊಡಿ. ಯಾರಾದರೂ ಅವಳ ಹೆಸರು ಕರೆಯಲಿ. ಹಾಜರಿದ್ದೇನೆಂದು ಅವಳು ಹೇಳಲಿ.

ಇಂತಿ,
ತರಬೇತಿಯನ್ನು ನಂಬಿ ಕೆಟ್ಟ ಸಹಶಿಕ್ಷಕಿ,
ಕಾಸಿಂಬಿ
ಕಮತಗಿ, ಜುಲೈ ೨೦೦೭