ಎಂಟನೆಯ ಬೊಟ್ಟು

ಮೈಲಾಪೂರ್, ಮದರಾಸು
೨೦-೧೧-೧೯೬೩

ಸೌಭಾಗ್ಯವತಿ ರತ್ನಾವತಿಗೆ ಅಮ್ಮನ ಆಶೀರ್ವಾದಗಳು.

ಹಬ್ಬ ಕಳೆದ ಮೇಲೆ ಬರೆಯುತ್ತಿದ್ದೇನೆ, ಮುನಿಸಿಕೊಳ್ಳಬೇಡ. ಅಳಿಯಂದಿರಿಗೆ ಕಳಿಸಿದ ಧೋತರ ತಲುಪಿತೆ? ದೀಪಾವಳಿ ಮಾಡಿದಿರಾ ಎಂದು ಕೇಳಿದ್ದೀಯ. ಮಾಡಿದೆವು. ಯುದ್ಧಕ್ಕೆ ಹೋದ ನಿಮ್ಮಣ್ಣ ತಿರುಮಲ ಕಾಣೆಯಾಗಿ ವರ್ಷವಾಯಿತು, ಆದರೆ ಸತ್ತ ಸುದ್ದಿಯಂತೂ ಬಂದಿಲ್ಲ. ಹಬ್ಬ ಬಿಟ್ಟರೆ ಅವನಿಲ್ಲವೆಂದು ನಾವೇ ಒಪ್ಪಿಕೊಂಡ ಹಾಗೆ. ನಿಮ್ಮಪ್ಪ ಗೊಣಗುತ್ತಲೇ ಇದ್ದರು. ನಾನು ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು ನೀರು ತುಂಬಿದೆ.

ನಮ್ಮ ಎಣ್ಣೆಶಾಸ್ತ್ರ ನಿನಗೆ ಗೊತ್ತೇ ಇದೆ. ತಲೆಗೆ ಹಚ್ಚುವ ಮೊದಲು ನೆಲದ ಮೇಲೆ ಏಳು ಬೊಟ್ಟು ಎಣ್ಣೆ ಇಟ್ಟು, ಸಾವಿಲ್ಲದ ಏಳು ಚಿರಂಜೀವಿಗಳನ್ನು ನೆನೆಯುತ್ತೇವಲ್ಲ. ಹೋದ ವರ್ಷ ರೇಡಿಯೋದಲ್ಲಿ ಯುದ್ಧದ ಸುದ್ದಿ ಬರುತ್ತಲೇ ಇತ್ತು. ತಿರುಮಲನ ಹೆಸರಿನಲ್ಲಿ ಇನ್ನೊಂದು ಬೊಟ್ಟು ಇಟ್ಟುಬಿಟ್ಟೆ. ಮರುದಿನ ನೆಲ ಒರೆಸುವಾಗ ಅದೊಂದನ್ನು ಅಳಿಸಲು ಮನಸ್ಸಾಗಲಿಲ್ಲ. ವರ್ಷವಾದರೂ ಅದು ಒಣಗಿಲ್ಲ ಕಣೇ. ಮುಟ್ಟಿದರೆ ಬೆಚ್ಚಗಿರುತ್ತದೆ.

ಈ ಸಲ ನರಕ ಚತುರ್ದಶಿಯ ಬೆಳಗ್ಗೆ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಬೀದಿಯಲ್ಲಿ ಪಟಾಕಿ. ಎದುರುಮನೆ ಮಾಮಿ ಜಗಲಿಯಿಂದಲೇ "ಗಂಗಾ ಸ್ನಾನಂ ಆಚ್ಚಾ?" ಎಂದು ಹಬ್ಬದ ಎಣ್ಣೆಸ್ನಾನ ಆಯಿತೇ ಅಂತ ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ತಿರುಮಲನ ದನಿ: "ಅಮ್ಮಾ, ತಲೆ ಉರೀತಿದೆ. ಸ್ವಲ್ಪ ಎಣ್ಣೆ ಹಾಕೇ." ಓಡಿಹೋಗಿ ತೆರೆದರೆ ಬಾವಿಕಟ್ಟೆ, ಬಾಳೆಗಿಡ, ಅಷ್ಟೇ. ನಾನೊಬ್ಬಳೇ ಕೇಳಿದ್ದರೆ ಭ್ರಮೆ ಎನ್ನಬಹುದಿತ್ತು. ನಿನ್ನ ಅತ್ತಿಗೆ ಜಯಲಕ್ಷ್ಮೀಯ ಕೈಯಿಂದ ಸೀಗೆಪುಡಿಯ ತಟ್ಟೆ ಬಿದ್ದೇ ಹೋಯಿತು.

"ಅವರೇ ಅತ್ತೆ," ಎಂದವಳೇ ಎಣ್ಣೆ ಬಟ್ಟಲನ್ನು ಹಿತ್ತಲ ಮೆಟ್ಟಿಲ ಮೇಲೆ ಇಟ್ಟಳು. ಹಬ್ಬದೂಟ ಮುಗಿಯುವಷ್ಟರಲ್ಲಿ ಖಾಲಿ. ಆಮೇಲೆ ದಿನವೂ ಇಡುತ್ತಾಳೆ, ದಿನವೂ ಖಾಲಿ.

"ಹೆಗ್ಗಣ ಕುಡಿದಿರತ್ತೆ, ಇಬ್ಬರೂ ಸುಮ್ಮನಿರಿ," ಎನ್ನುತ್ತಾರೆ ನಿಮ್ಮಪ್ಪ. ಹೆಗ್ಗಣ ಬಟ್ಟಲು ತೊಳೆದು ಬೋರಲು ಹಾಕುತ್ತದೆಯೆ? ಅದು ನಿಮ್ಮಣ್ಣನ ಅಭ್ಯಾಸ.

ಚಿರಂಜೀವಿಗಳಲ್ಲಿ ಅಶ್ವತ್ಥಾಮನೂ ಒಬ್ಬ. ಹಣೆಯ ಗಾಯಕ್ಕೆ ಎಣ್ಣೆ ಬೇಡುತ್ತ ಇನ್ನೂ ಅಲೆಯುತ್ತಿದ್ದಾನೆ, ಗಾಯವೂ ಮಾಯುವುದಿಲ್ಲ, ಸಾವೂ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅಂಥವರ ಸಾಲಿನಲ್ಲಿ ಹೆತ್ತ ಮಗನನ್ನು ಕೂರಿಸಿದೆನಲ್ಲ! ಸಾಯದಿರಲಿ ಎಂದು ಬೇಡಿದೆ, ಮನೆಗೆ ಬರಲಿ ಎಂದು ಬೇಡಲೇ ಇಲ್ಲ. ಎಂಥ ಪೆದ್ದಿ ನಾನು.

ಮಗುವಿಗೆ ನೆಗಡಿ ಎಂದು ಬರೆದಿದ್ದೀಯ, ತುಳಸಿ ಕಷಾಯ ಕುಡಿಸು. ದೇವರು ಅದಕ್ಕೆ ತುಂಬು ಆಯುಸ್ಸು ಕೊಡಲಿ. ಚಿರಂಜೀವಿಯಾಗು ಎಂದು ಮಾತ್ರ ಇನ್ನು ಯಾರಿಗೂ ಬರೆಯಲಾರೆ.

ಇಂತಿ ನಿನ್ನ ಅಮ್ಮ,
ಭೀಮಾಬಾಯಿ

ತಾ.ಕ.: ನಿನ್ನೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕರೆದ, ತಲೆ ಉರಿಯುತ್ತಿದೆ ಎಂದು. ಮಗುವಾಗಿದ್ದಾಗ ಅಳುತ್ತಿದ್ದನಲ್ಲ, ಅದೇ ದನಿ. ತಡೆಯಲಾಗಲಿಲ್ಲ ಕಣೇ. ಸೆರಗಿನಿಂದ ನೆಲದ ಮೇಲಿನ ಆ ಎಂಟನೆಯ ಬೊಟ್ಟನ್ನು ಒರೆಸಿಬಿಟ್ಟೆ. ಜಯಲಕ್ಷ್ಮೀಗೆ ಹೇಳಿಲ್ಲ. ಇವತ್ತೂ ಹಣೆತುಂಬ ಕುಂಕುಮ ಇಟ್ಟುಕೊಂಡು, ಮೆಟ್ಟಿಲ ಮೇಲೆ ಎಣ್ಣೆ ಇಟ್ಟು ಕಾಯುತ್ತಿದ್ದಾಳೆ. ಬಟ್ಟಲು ತುಂಬಿದ ಹಾಗೇ ಇದೆ.